ಮೊಣಕಾಲೆತ್ತರದ ನಾಯಿ

ಮಧ್ಯಾಹ್ನದ ಊಟದ ಹೊತ್ತಿಗೆ ರೇಡಿಯೊದಲ್ಲಿ ಮರಳುಗಾಡಿನ ಮನೆಗಳಿಗೆ ಸಂದೇಶ ಓದುತ್ತಾರೆ. ಯಾರ ಅತ್ತೆಗೆ ಪಟ್ಟಣದಲ್ಲಿ ಆಪರೇಷನ್ ಆಯಿತು, ಯಾರ ಹೇಸರಗತ್ತೆ ಯಾರ ಬಾವಿಯ ಹತ್ತಿರ ನಿಂತಿದೆ, ಯಾರ ಮಗಳು ಶನಿವಾರದ ಲಾರಿಯಲ್ಲಿ ಬರುತ್ತಾಳೆ, ಎಲ್ಲವೂ ಅದರಲ್ಲೇ. ಗುಟ್ಟಿನ ಮಾತಾದರೂ ಅದರಲ್ಲೇ, ಬೇರೆ ದಾರಿ ಇಲ್ಲವಲ್ಲ. ಆ ವರ್ಷ ಚಳಿಗಾಲದ ನಡುವೆ ಒಂದು ದಿನ ರೇಡಿಯೊದವನು ಗಂಟಲು ಸರಿಮಾಡಿಕೊಂಡು ಹೀಗೆ ಓದಿದ: “ದೋನ್ಯಾ ತೊರಿಬಿಯಾ ಅವರಿಗೆ ಒಂದು ನಾಯಿ ಬೇಕಾಗಿದೆ. ದೊಡ್ಡದು ಬೇಡ, ಚಿಕ್ಕದೂ ಬೇಡ. ಮೇಕೆಗಳ ಜೊತೆ ಬಾಳಬೇಕು. ಹೊಟ್ಟೆಬಾಕ ಬೇಡ, ಅಡುಗೆಮನೆ ಹುಡುಕಿಕೊಂಡು ಬರುವಂಥದ್ದೂ ಬೇಡ. ಭಾನುವಾರ ಮನೆಯಲ್ಲೇ ಇರುತ್ತಾರೆ.”

ಕೊನೆಯ ಮಾತನ್ನು ಸೇರಿಸಿದ್ದು ಗಂಡ ನಿಕಾನೊರ್. ಅದೊಂದಿಲ್ಲದಿದ್ದರೆ ಆ ಭಾನುವಾರ ಅಷ್ಟು ಕೆಡುತ್ತಿರಲಿಲ್ಲ.

ದೋನ್ಯಾ ಎಂದು ಮರ್ಯಾದೆಯಿಂದ ಕರೆಸಿಕೊಳ್ಳುವ ತೊರಿಬಿಯಾಗೆ ಆಗ ಅರವತ್ತೆರಡು ವರ್ಷ. ಅಕ್ಷರ ಓದಲು ಬಾರದು, ಆದರೆ ಮರಳ ಮೇಲಿನ ಹೆಜ್ಜೆಯನ್ನು ಪಾದ್ರಿ ಜಪದ ಪುಸ್ತಕ ಓದಿದಂತೆ ಸರಾಗವಾಗಿ ಓದುತ್ತಿದ್ದಳು. “ನಿನ್ನೆ ಸಂಜೆ ಹಸಿಂತೊ ಈ ದಾರೀಲಿ ಹೋಗಿದಾನೆ, ಹೋಗೋವಾಗ ನೆಟ್ಟಗಿದ್ದ, ಬರೋವಾಗ ಇರ್ಲಿಲ್ಲ” ಎಂದು ಹೇಳಿ ನೆರೆಯ ಸಂಸಾರದಲ್ಲಿ ಜಗಳ ತಂದಿಟ್ಟದ್ದೂ ಉಂಟು. ಅವಳ ಅಪ್ಪ ಮೇಕೆ ಕಾಯುವ ನಾಯಿಗಳಿಗೆ ಹೆಸರಾದವನು. ನಿಕಾನೊರ್ ಹರೆಯದಲ್ಲಿ ಅವನ ಮನೆಗೆ ಮೂರು ವರ್ಷ ಒಂದು ನಾಯಿಮರಿ ಕೇಳಿಕೊಂಡು ಅಲೆದ. ಮರಿ ಸಿಗಲಿಲ್ಲ. ನಾಲ್ಕನೆಯ ವರ್ಷ ಮಗಳನ್ನು ಕೇಳಿದ, ಕೂಡಲೇ ಸಿಕ್ಕಳು. “ನಾಯಿ ಕೇಳೋಕೆ ಹೋದೆ, ಕಾವಲು ಸಿಕ್ತು” ಎಂದು ಈಗಲೂ ಹೇಳುತ್ತಾನೆ. ಹೇಳುವ ಮೊದಲು ಅವಳು ಬಾವಿಯ ಹತ್ತಿರ ಇದ್ದಾಳೆ ಎಂದು ಖಾತರಿ ಮಾಡಿಕೊಳ್ಳುತ್ತಾನೆ.

ಅಪ್ಪನ ವಿದ್ಯೆ ಇಷ್ಟೇ. ಕಣ್ಣು ತೆರೆಯದ ನಾಯಿಮರಿಯನ್ನು ತಂದು, ಆಗಷ್ಟೇ ಈದ ಮೇಕೆಯ ಕೆಚ್ಚಲಿಗೆ ಬಿಡುವುದು. ಅದು ಮೇಕೆಯ ಹಾಲು ಕುಡಿದು, ಮೇಕೆಗಳ ನಡುವೆಯೇ ಮಲಗಿ, ತಾನೂ ಒಂದು ಮೇಕೆಯೆಂದೇ ತಿಳಿದು ಬೆಳೆಯುತ್ತದೆ. ಬೆಳೆದ ಮೇಲೆ ಕಾಯುವವರು ಬೇಕಿಲ್ಲ. ಬೆಳಿಗ್ಗೆ ಮಂದೆಯ ಜೊತೆ ತಾನೇ ಹೋಗುತ್ತದೆ, ಸಂಜೆ ಮಂದೆಯನ್ನು ಕರೆತರುತ್ತದೆ. ಚಿರತೆಯಂಥ ಪೂಮಾ ಹತ್ತಿರ ಬಂದರೆ ತನ್ನ ಮನೆ ಮಂದಿಯನ್ನು ಹೊಡೆಯಲು ಬಂದರೋ ಎಂಬಂತೆ ಬೊಬ್ಬೆ ಹಾಕುತ್ತದೆ. ಪೂಮಾ ಹಲ್ಲಿಗೆ ಹೆದರುವುದಿಲ್ಲ, ಗಲಾಟೆಗೆ ಹೆದರುತ್ತದೆ. ನಾಚಿಕೆ ಸ್ವಭಾವದ ಪ್ರಾಣಿ.

ತೊರಿಬಿಯಾಳ ಕೊನೆಯ ನಾಯಿ ಕೊರ್ಬಾತಾ ಹದಿಮೂರು ವರ್ಷ ಹೀಗೆ ದುಡಿದು ಆ ಬೇಸಿಗೆಯ ಕೊನೆಯಲ್ಲಿ ಸತ್ತಿತು. ಅಲ್ಲಿಂದ ಮಂದೆಯ ಹಿಂದೆ ಹೇಸರಗತ್ತೆ ಏರಿ ಹೋಗುವ ಕೆಲಸ ನಿಕಾನೊರನದಾಯಿತು. ನಿಕಾನೊರ್ ಒಳ್ಳೆಯವನು, ಆದರೆ ಅವನಿಗೆ ಕೂತಲ್ಲಿ ನಿದ್ದೆ. ಚಳಿಗಾಲ ಅರ್ಧ ಮುಗಿಯುವಷ್ಟರಲ್ಲಿ ಹನ್ನೊಂದು ಮೇಕೆ ಪೂಮಾದ ಪಾಲಾದವು. ತಾನೇ ಹೋಗೋಣವೆಂದರೆ ತೊರಿಬಿಯಾಳ ಬಲಗಾಲಿನ ಮಂಡಿ ಬಾವಿಗೆ ಹೋಗಿ ಬರುವಷ್ಟರಲ್ಲೇ ಮುಷ್ಕರ ಹೂಡುತ್ತಿತ್ತು, ಇಡೀ ದಿನ ಹೇಸರಗತ್ತೆಯ ಮೇಲೆ ಕೂರುವುದಂತೂ ದೂರದ ಮಾತು.

ನಿಕಾನೊರನ ತಂಗಿ ಬಾಲ್ಬಿನಾ ಪಟ್ಟಣದಲ್ಲಿ ಇಟ್ಟಿಗೆ ಮನೆ ಕಟ್ಟಿಕೊಂಡಿದ್ದ ವಿಧವೆ. ತಿಂಗಳಿಗೊಮ್ಮೆ ಲಾರಿಯಲ್ಲಿ ಬಂದು ಮಾಟೆ ಎಲೆಯ ಕಷಾಯ ಹೀರುತ್ತ ಒಂದೇ ರಾಗ ಹಾಡುತ್ತಿದ್ದಳು.

“ಮೇಕೆ ಮಾರಿ ಬನ್ನಿ ಅತ್ತಿಗೆ. ಟೀವಿ ಪಕ್ಕದ ಕೋಣೆ ಖಾಲಿ ಬಿದ್ದಿದೆ. ನಲ್ಲಿ ತಿರುಗಿಸಿದ್ರೆ ನೀರು.”

“ನಿನ್ನ ಟೀವಿ ಯಾವಾಗ ಆರುತ್ತೆ?”

“ಯಾಕೆ ಆರಿಸ್ಬೇಕು? ಜೊತೆಗಿರುತ್ತೆ, ಪಾಪ.”

ನಿಕಾನೊರನಿಗೆ ಆ ನಲ್ಲಿಯ ಮೇಲೆ ಮನಸ್ಸಾಗಿತ್ತು. ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು: ಬರುವ ವರ್ಷ ಚಳಿಗಾಲದಲ್ಲಿ ಬೀಳುವ ಸಂತ ಹುವಾನನ ಹಬ್ಬದೊಳಗೆ ಮಂದೆಯನ್ನು ಕಾಯುವ ನಾಯಿ ತಯಾರಾದರೆ ಇಲ್ಲೇ ಇರುವುದು, ಆಗದಿದ್ದರೆ ಮೇಕೆ ಮಾರಿ ಬಾಲ್ಬಿನಾಳ ಮನೆ ಸೇರುವುದು. ತೊರಿಬಿಯಾ ಒಪ್ಪಿದಳು. ಒಪ್ಪಿ ರೊಪ್ಪದ ಹಿಂದೆ ಹೋಗಿ ಒಬ್ಬಳೇ ಅತ್ತಳು. ಮೇಕೆ ಇಲ್ಲದ ಬೆಳಗನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹಾಗಾಗಿಯೇ ರೇಡಿಯೊ ಸಂದೇಶ. ಹಾಗಾಗಿಯೇ ಆ ಭಾನುವಾರ.

ಮೊದಲು ಬಂದವನು ಹರದಾರಿ ದೂರದ ನೆರೆಯವನು ಹಸಿಂತೊ. ಕೈಯಲ್ಲಿ ಬಡಕಲು, ಉದ್ದ ಕಾಲಿನ ಬೇಟೆನಾಯಿ. “ಗಾಳಿ ದೋನ್ಯಾ ತೊರಿಬಿಯಾ, ಗಾಳಿ ಇದು!” ಎಂದ. ಅಷ್ಟರಲ್ಲಿ ಪೊದೆಯಿಂದ ಒಂದು ಮೊಲ ಎದ್ದಿತು. ಗಾಳಿ ಬೀಸಿಹೋಯಿತು. ಮತ್ತೆ ಮನೆಗೆ ಬಂದದ್ದು ಬುಧವಾರ.

ಇನ್ನೊಬ್ಬ ಟ್ರಕ್ಕಿನಲ್ಲಿ ಕರುವಿನಷ್ಟು ದೊಡ್ಡ ಬಿಳಿ ನಾಯಿ ತಂದ. ದೂರದ ಹಿಮದ ಬೆಟ್ಟದ ಜಾತಿಯಂತೆ. ಬಿಸಿಲಿಗೆ ನಾಲಿಗೆ ಮೊಳದುದ್ದ ಇಳಿಬಿಟ್ಟು, ನೆಂಟರಿಗೆಂದು ಇಟ್ಟಿದ್ದ ಸ್ಟೂ ಪಾತ್ರೆಯನ್ನು ಒಂದೇ ಸಲಕ್ಕೆ ಖಾಲಿ ಮಾಡಿ, ಅದೇ ಪಾತ್ರೆಯ ಮೇಲೆ ತಲೆಯಿಟ್ಟು ಮಲಗಿತು.

“ಇದಕ್ಕೆ ದಿನಕ್ಕೊಂದು ಮೇಕೆ ಬೇಕು” ಎಂದಳು ತೊರಿಬಿಯಾ. “ಪೂಮಾ ವಾರಕ್ಕೊಂದು ತಿನ್ನುತ್ತೆ. ಪೂಮಾನೇ ವಾಸಿ.”

ಬಾಲ್ಬಿನಾ ತಂದದ್ದು ಸ್ವೆಟರ್ ತೊಟ್ಟ ಒಂದು ಕೈಚೀಲದ ನಾಯಿ. ಹುಂಜ ಅದನ್ನು ಅಂಗಳದ ಸುತ್ತ ಮೂರು ಸುತ್ತು ಓಡಿಸಿತು. ಅಷ್ಟು ಹೊತ್ತಿಗೆ ಒಟ್ಟು ಒಂಬತ್ತು ನಾಯಿಗಳಾಗಿದ್ದವು, ಅವುಗಳಲ್ಲಿ ಆರು ಒಂದನ್ನೊಂದು ಕಚ್ಚುತ್ತಿದ್ದವು, ಯಜಮಾನರು ತಮ್ಮ ತಮ್ಮ ನಾಯಿಯ ಕುಲಗೋತ್ರ ಹೇಳುತ್ತ ವೈನ್ ಮುಗಿಸುತ್ತಿದ್ದರು. ತೊರಿಬಿಯಾ ಲಂಗವನ್ನು ಒಂದಿಷ್ಟು ಎತ್ತಿ ಮಂಡಿ ತೋರಿಸಿದಳು. ಎಲ್ಲರೂ ಇತ್ತ ತಿರುಗಿದರು.

“ನೋಡ್ರಪ್ಪಾ, ಇದು ನನ್ನ ಮೊಣಕಾಲು. ನಾಯಿ ಇಲ್ಲಿಗೆ ಬರ್ಬೇಕು. ಮೇಲೆ ಹೋದ್ರೆ ಅನ್ನ ಜಾಸ್ತಿ, ಕೆಳಗಿದ್ರೆ ಮುಳ್ಳು ಜಾಸ್ತಿ. ಜಾತಿ ಕಟ್ಕೊಂಡು ನಾನೇನ್ ಮಾಡ್ಲಿ?”

ಹೀಗೆ ಹೇಳಿದವಳು ಕೊನೆಯಲ್ಲಿ ಜಾತಿಗೇ ಮಾರುಹೋದಳು. ದ್ರಾಕ್ಷಿತೋಟದ ಮೇಸ್ತ್ರಿಯೊಬ್ಬ ಕಪ್ಪು ಬಿಳುಪು ಬಣ್ಣದ, ಸರಿಯಾಗಿ ಮೊಣಕಾಲೆತ್ತರದ ಕುರಿನಾಯಿ ತಂದಿದ್ದ. ಕಾಗದಪತ್ರ ಸಮೇತ. ಅಜ್ಜ ಮುತ್ತಜ್ಜನ ಹೆಸರೆಲ್ಲ ಬರೆದಿತ್ತು. “ನನ್ನ ಗಂಡನಿಗೇ ಇಷ್ಟು ಕಾಗದ ಇಲ್ಲ” ಎಂದು ಅಚ್ಚರಿಪಟ್ಟು ಪರೀಕ್ಷೆಗೆ ಇಟ್ಟುಕೊಂಡಳು.

ನಾಯಿ ಬಹಳ ಬುದ್ಧಿವಂತ. ಅದೇ ಕಷ್ಟವಾಯಿತು. ಮೇಕೆ ಎಂದರೆ ಚದುರಬೇಕು, ಒಂದು ಇತ್ತ ಎಲೆ ಕಿತ್ತರೆ ಇನ್ನೊಂದು ಅತ್ತ ತೊಗಟೆ ಕೆರೆಯಬೇಕು. ಈ ಪಂಡಿತ ಮಾತ್ರ ಮಂದೆಯನ್ನು ತಟ್ಟೆಯಷ್ಟು ದುಂಡಗೆ ಒಟ್ಟುಮಾಡಿ ಅಂಗಳದ ನಡುವೆ ನಿಲ್ಲಿಸಿ, ನೆಲಕ್ಕೆ ಹೊಟ್ಟೆ ಒತ್ತಿ ದಿಟ್ಟಿಸಿ ಕೂತಿತು. ಒಂದು ಮೇಕೆ ಕಿವಿ ಅಲ್ಲಾಡಿಸಿದರೂ ಎದ್ದು ಬಂದು ಸರಿಪಡಿಸುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಮುಟ್ಟಲು ಬಿಟ್ಟರೆ ತಾನೆ. ಎರಡನೆಯ ದಿನ ಕೋಳಿಗಳನ್ನೂ ತಟ್ಟೆಗೆ ಸೇರಿಸಿತು. ಮೂರನೆಯ ದಿನ ನಿಕಾನೊರನನ್ನು.

“ಮುದುಕೀ!” ಎಂದು ಅವನು ಮೇಕೆಗಳ ನಡುವಿನಿಂದ ಕೂಗಿದ. “ಪೊದೆ ಹಿಂದಕ್ಕೆ ಹೋಗ್ಬೇಕು ಕಣೇ, ಅರ್ಜೆಂಟು! ಇದು ಬಿಡ್ತಿಲ್ಲ!”

ನಾಲ್ಕನೆಯ ದಿನ ಮೇಕೆಗಳ ಹಾಲು ಅರ್ಧಕ್ಕೆ ಇಳಿಯಿತು. ಪಂಡಿತನನ್ನು ಕಾಗದಪತ್ರದೊಂದಿಗೆ ಕಳಿಸಿಕೊಟ್ಟರು.

ವಸಂತ ಬಂತು, ಮೇಕೆಗಳು ಈಯತೊಡಗಿದವು. ಹಸಿಂತೊನ ಅಂಗಳದ ಹೆಣ್ಣುನಾಯಿ ನಾಲ್ಕು ಮರಿ ಹಾಕಿತು. ತೊರಿಬಿಯಾ ಹೋಗಿ ಒಂದೊಂದನ್ನೂ ಕತ್ತಿನ ಚರ್ಮ ಹಿಡಿದು ಎತ್ತಿ ನೋಡಿದಳು. ಕಿರುಚಿದ್ದು ಬೇಡ, ಕಿರುಚದೆ ಸುಮ್ಮನೆ ಜೋತುಬಿದ್ದದ್ದೂ ಬೇಡ. ದಾಲ್ಚಿನ್ನಿ ಬಣ್ಣದ ಒಂದು ಗಂಡುಮರಿ ಒಮ್ಮೆ ಗುರ್ ಎಂದು ಆಮೇಲೆ ಯೋಚನೆಗೆ ಬಿದ್ದಿತು. ಅದನ್ನು ಆರಿಸಿದಳು.

“ಯಾವ ಜಾತಿ ಇದು, ದೋನ್ ಹಸಿಂತೊ?”

“ಎಲ್ಲಾ ಜಾತೀನೂ ಸ್ವಲ್ಪ ಸ್ವಲ್ಪ. ದೊಡ್ಡೋನಾಗಲ್ಲ, ಚಿಕ್ಕೋನೂ ಆಗಲ್ಲ. ಅವರಪ್ಪ ಯಾರು ಅಂತ ನನ್ನನ್ನ ಕೇಳ್ಬೇಡಿ, ಅವಳನ್ನೇ ಕೇಳಿ.”

ಅದೇ ವಾರ ಮಾರ್ಕೇಸಾ ಎಂಬ ಮೇಕೆಯ ಮರಿ ಸತ್ತು ಹುಟ್ಟಿತ್ತು, ಕೆಚ್ಚಲು ಬಿರಿಯುವಂತೆ ತುಂಬಿತ್ತು. ತೊರಿಬಿಯಾ ನಾಯಿಮರಿಗೆ ಆ ಮೇಕೆಯ ಹಾಲನ್ನೇ ಸವರಿ, ಸತ್ತ ಮರಿಯ ಮಾಸನ್ನು ಬೆನ್ನಿಗೆ ಉಜ್ಜಿ ಕೆಚ್ಚಲಿಗೆ ಹಿಡಿದಳು. ಮಾರ್ಕೇಸಾ ಮೂಸಿತು, ಮೂತಿ ತಿರುವಿತು, ಮತ್ತೆ ಮೂಸಿ ಸುಮ್ಮನಾಯಿತು.

ನಿಕಾನೊರ್ ಬೇಲಿಯಾಚೆ ನಿಂತಿದ್ದ. “ಮಾರ್ಕೇಸಾನಾ? ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?”

“ಹಾಲಿದೆ, ಕುಡಿಸ್ತಾಳೆ. ಹಾಲಿಗೆ ಯಾವ ಜಾತಿ?”

ಅರ್ಧ ಚಳಿಗಾಲ ನಾಯಿಯ ಎತ್ತರ, ಹೊಟ್ಟೆ, ವಂಶ, ಗಂಟಲು ಎಲ್ಲ ಅಳೆದು ಸುರಿದವಳು ಆಡಿದ ಮಾತು ಇದು. ಅವಳ ಅಪ್ಪ ಬದುಕಿದ್ದರೆ ಬೆತ್ತ ತೆಗೆದುಕೊಳ್ಳುತ್ತಿದ್ದ. ಅವನು ಮೊದಲು ಮೇಕೆಯನ್ನು ಆರಿಸಿ, ಆಮೇಲೆ ನಾಯಿ ಹುಡುಕುತ್ತಿದ್ದವನು. ತೊರಿಬಿಯಾಗೆ ಅದು ಗೊತ್ತಿತ್ತು. ಆತುರಕ್ಕೆ ಮರೆತಿತ್ತು.

ಮರಿಗೆ ಕಾನೆಲೊ ಎಂದು ಹೆಸರಾಯಿತು. ಸೊಗಸಾಗಿ ಬೆಳೆಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ಬೆನ್ನು ಅವಳ ಮೊಣಕಾಲಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬಂದು ನಿಂತಿತು. ಮನೆಯೊಳಗೆ ಕಾಲಿಡುತ್ತಿರಲಿಲ್ಲ, ಮನುಷ್ಯರನ್ನು ಕಂಡರೆ ಅಷ್ಟಕ್ಕಷ್ಟೇ. ಎಲ್ಲ ಸರಿಯಿತ್ತು, ಮಾರ್ಕೇಸಾಳ ವಿಷಯ ಒಂದು ಬಿಟ್ಟು.

ಮಾರ್ಕೇಸಾ ಮಂದೆಯ ಮೇಕೆಯಲ್ಲ. ಬೆಳಿಗ್ಗೆ ಮಂದೆ ಬಡಗಣ ಕುರುಚಲಿಗೆ ಹೊರಟರೆ ಅದು ಹತ್ತು ಹೆಜ್ಜೆ ಜೊತೆಗೆ ಹೋದಂತೆ ಮಾಡಿ, ಮರ್ಯಾದೆಗೆ ಒಂದು ಎಲೆ ಕಿತ್ತು, ತೆಂಕಣಕ್ಕೆ, ಮನೆಯ ಕಡೆಗೆ, ತಿರುಗುತ್ತಿತ್ತು. ಒಣಹಾಕಿದ ಬಟ್ಟೆ ತಿನ್ನುವುದು, ಅಡುಗೆಮನೆಯ ಚಾವಣಿ ಹತ್ತುವುದು, ಅಂಗಳದಲ್ಲಿ ರೊಟ್ಟಿ ಸುಡುವ ಮಣ್ಣಿನ ಒಲೆಯ ಬೆಚ್ಚನೆಯ ಗುಮ್ಮಟದ ಮೇಲೆ ಮಲಗಿ ಮೆಲುಕು ಹಾಕುವುದು ಅದರ ದಿನಚರಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಕಾನೆಲೊ ಕೂಡ ಬಟ್ಟೆ ಅಗಿಯಿತು, ಚಾವಣಿ ಹತ್ತಿತು. ಒಲೆಯ ಮೇಲೆ ಮೇಕೆ, ಮೇಕೆಯ ಪಕ್ಕದಲ್ಲಿ ನಾಯಿ, ಎರಡೂ ದೊರೆಗಳ ಹಾಗೆ ಕೂತು ಪೂಮಾ ಕಡೆಗೆ ಹೊರಟ ಮಂದೆಯನ್ನು ನೋಡುತ್ತಿದ್ದವು. ಬಾಲ್ಬಿನಾ ಬಂದಾಗ ಕಾನೆಲೊ ಬೊಗಳಲಿಲ್ಲ. ತಲೆ ತಗ್ಗಿಸಿ ಓಡಿಬಂದು ಹಿಂದಿನಿಂದ ಗುದ್ದಿತು.

“ಅಯ್ಯಯ್ಯೋ! ಅತ್ತಿಗೆ, ಇದು ನಾಯಿನಾ ಟಗರಾ?”

“ಇನ್ನೂ ಅದೇ ತೀರ್ಮಾನ ಮಾಡಿಲ್ಲ” ಎಂದ ನಿಕಾನೊರ್.

ಆ ತಿಂಗಳಲ್ಲಿ ಪೂಮಾ ಮತ್ತೆರಡು ಮೇಕೆ ಒಯ್ದಿತು. ಹಬ್ಬಕ್ಕೆ ಇನ್ನು ಎರಡೇ ತಿಂಗಳು. ನಿಕಾನೊರ್ ಮೆಲ್ಲಗೆ ಹೇಳಿದ, “ಮಾರ್ಕೇಸಾನ ಬೆಂಕಿ ಮೇಲೆ ಹಾಕ್ಬಿಡೋಣ ಮುದುಕಿ. ಭಾನುವಾರ ಊಟ ಆಗುತ್ತೆ, ನಾಯೀನೂ ಮಂದೆ ಸೇರುತ್ತೆ.”

“ತಾಯಿ ಹೋದ್ರೆ ಅದು ಮಂದೆಗೆ ಯಾಕೆ ಹೋಗುತ್ತೆ? ಒಲೆ ಮೇಲೆ ಕೂತು ಊಳಿಡುತ್ತೆ. ತಪ್ಪು ಅವಳದ್ದಲ್ಲ, ಅದರದ್ದೂ ಅಲ್ಲ. ನಂದು. ಊರನ್ನೆಲ್ಲ ನಾಯಿ ಯಾವ್ದು ಅಂತ ಕೇಳ್ದೆ, ಮೇಕೆ ಯಾವ್ದು ಅಂತ ನನ್ನನ್ನೇ ಕೇಳ್ಕೊಳ್ಲಿಲ್ಲ.”

ಎರಡು ದಿನ ಅವಳು ರೊಪ್ಪದ ಬಾಗಿಲಲ್ಲಿ ಕೂತು ಮಂದೆ ಹೊರಡುವುದನ್ನು ನೋಡಿದಳು. ಮೂರನೆಯ ಬೆಳಿಗ್ಗೆ ರೊಪ್ಪಕ್ಕೆ ಹೋಗಿ, ಮಂದೆಯ ಮುಂದಾಳಾಗಿದ್ದ ಮುದಿ ಮೇಕೆಯ ಕೊರಳಿನಿಂದ ಗಂಟೆ ಬಿಚ್ಚಿ ಮಾರ್ಕೇಸಾಳ ಕೊರಳಿಗೆ ಕಟ್ಟಿದಳು. ಮಾರ್ಕೇಸಾ ಮಂದೆಯ ಹಿಂದೆ ಹೋಗದಿದ್ದರೆ ಮಂದೆಯೇ ಮಾರ್ಕೇಸಾಳ ಹಿಂದೆ ಹೋಗಲಿ. ಮೇಕೆಗಳು ಗಂಟೆಯ ಸದ್ದನ್ನು ಹಿಂಬಾಲಿಸುತ್ತವೆ, ಯಾರ ಕೊರಳು ಎಂದು ನೋಡುವುದಿಲ್ಲ. ಈ ವಿಷಯದಲ್ಲಿ ಅವು ನಮ್ಮಂತೆಯೇ.

ಮುದಿ ಮೇಕೆ ಮುನಿಸಿಕೊಂಡು ಎರಡು ದಿನ ನೀರು ಮುಟ್ಟಲಿಲ್ಲ. ಮಾರ್ಕೇಸಾ ಮೊದಲು ಗಂಟೆಯನ್ನೇ ತಿನ್ನಲು ನೋಡಿತು. ಆಮೇಲೆ ತೆಂಕಣಕ್ಕೆ ತಿರುಗಿ ನಡೆಯಿತು. ಹಿಂತಿರುಗಿ ನೋಡಿದರೆ ಬೆನ್ನ ಹಿಂದೆ ಎಪ್ಪತ್ತು ಮೇಕೆ. ಗಾಬರಿಯಾಗಿ ಬೇಗ ನಡೆಯಿತು, ಅವೂ ಬೇಗ ನಡೆದವು. ಕಾನೆಲೊ ತಾಯಿಯ ಪಕ್ಕದಲ್ಲಿ. ಒಲೆ, ಬಟ್ಟೆಹಗ್ಗ, ಚಾವಣಿ ಎಲ್ಲ ಹಿಂದೆ ಬಿದ್ದವು.

ಮಧ್ಯಾಹ್ನ ಹಸಿಂತೊ ಕುದುರೆಯನ್ನು ನೊರೆ ಬರುವಂತೆ ಓಡಿಸಿಕೊಂಡು ಬಂದ.

“ದೋನ್ಯಾ ತೊರಿಬಿಯಾ! ನಿಮ್ಮ ಮೇಕೆ ಅಷ್ಟೂ ನನ್ನ ಕುದುರೆಮೇವಿನ ಹೊಲದಲ್ಲಿ ಊಟಕ್ಕೆ ಕೂತಿವೆ!”

“ನಾಯಿ ಜೊತೇಲಿದೆಯಾ?”

“ಇದೆ! ನನ್ನ ಹೊಲಕ್ಕೆ ನನ್ನನ್ನೇ ಬಿಡ್ತಿಲ್ಲ!”

“ಬಿಡ್ತಿಲ್ವಾ?” ಎಂದಳು ತೊರಿಬಿಯಾ. ಮುಖ ಅರಳಿತು. “ಎಷ್ಟು ಹತ್ತಿರ ಬಿಟ್ಟುಕೊಳ್ತು?”

“ನಾನ್ ಏನ್ ಹೇಳ್ತಿದೀನಿ, ನೀವೇನ್ ಕೇಳ್ತಿದೀರಿ!”

ಎರಡು ಚೀಸ್ ಗಡ್ಡೆ ಕೊಟ್ಟು ಅವನನ್ನು ಸಮಾಧಾನಪಡಿಸಿದರು. ಅವನು ಹೊಲಕ್ಕೆ ಮುಳ್ಳುಬೇಲಿ ಕಟ್ಟಿದ. ಮಾರ್ಕೇಸಾ ಇನ್ನೂ ಮುಂದೆ, ಮರಳುದಿಬ್ಬದ ಮಗ್ಗುಲಿನ ತಗ್ಗಿಗೆ ಹೋಗತೊಡಗಿತು. ಅಲ್ಲಿ ಜಾಲಿಯಂಥ ಅಲ್ಗರೋಬೊ ಮರದ ಒಣಕಾಯಿ ರಾಶಿ ಬಿದ್ದಿತ್ತು. ಬಡಗಣದ ಪೂಮಾ ಆ ಕಡೆ ಬರುವುದು ಕಡಿಮೆ, ಬಂದ ಒಂದು ದಿನವೂ ಕಾನೆಲೊನ ಬೊಬ್ಬೆಗೆ ಬಂದ ದಾರಿ ಹಿಡಿಯಿತು. ತೊರಿಬಿಯಾ ಮರುದಿನ ಹೇಸರಗತ್ತೆಯ ಮೇಲೆ ಹೋಗಿ ಹೆಜ್ಜೆ ಓದಿಬಂದು ಇಡೀ ಜಗಳವನ್ನು ಗಂಡನಿಗೆ ಓದಿಹೇಳಿದಳು. ಒಂದೂವರೆ ತಿಂಗಳು ಒಂದು ಮೇಕೆಯೂ ಹೋಗಲಿಲ್ಲ.

ಆದರೂ ಅವಳ ಮನಸ್ಸಿನಲ್ಲಿ ಮುಳ್ಳು. ಕಾನೆಲೊ ಕಾಯುತ್ತಿರುವುದು ಮಂದೆಯನ್ನೋ, ತಾಯಿಯನ್ನೋ? ತಾಯಿಯ ಸುತ್ತ ಮಂದೆ ಇರುವುದರಿಂದ ಮಂದೆ ಉಳಿದಿದೆ, ಅಷ್ಟೇ ಇರಬಹುದು. ನಾಳೆ ಮಾರ್ಕೇಸಾ ಸತ್ತರೆ? ಬಾಲ್ಬಿನಾ ಇದನ್ನೇ ಬಾಯಿಬಿಟ್ಟು ಹೇಳಿದಳು: “ಅದು ಅಮ್ಮನ ಮಗ ಅತ್ತಿಗೆ. ಅಂಥವ್ರನ್ನ ನಾನ್ ನೋಡಿದೀನಿ, ಒಬ್ಬನ್ನ ಮದುವೇನೂ ಆಗಿದ್ದೆ.” ತೊರಿಬಿಯಾಗೆ ನಗು ಬರಲಿಲ್ಲ, ಏಕೆಂದರೆ ಮಾತು ನಿಜವೆನ್ನಿಸಿತ್ತು.

ಹಬ್ಬಕ್ಕೆ ಮೂರು ದಿನ ಇರುವಾಗ ಬಾಲ್ಬಿನಾ ಬಂದಳು. ತೊರಿಬಿಯಾ ಮೇಕೆ ಎಣಿಸಲೆಂದು ಸಂಜೆ ರೊಪ್ಪದ ಬಾಗಿಲಲ್ಲಿ ನಿಂತಿದ್ದಳು. ಗಂಟೆ ಕೇಳಿಸಿತು. ಮಾರ್ಕೇಸಾ ಮುಂದೆ, ಮಂದೆ ಹಿಂದೆ. ಮೇಕೆಗಳು ಒಳಗೆ ಹೋದವು. ಒಂದು ಕಡಿಮೆ. ಮೊದಲ ಬಸಿರಿನ ಒಂದು ಕರಿ ಮೇಕೆ ಇರಲಿಲ್ಲ. ಕಾನೆಲೊ ಕೂಡ ಇರಲಿಲ್ಲ.

ಮಾರ್ಕೇಸಾ ಬಾಗಿಲಿನಿಂದ ಹೊರಕ್ಕೆ ಮುಖಮಾಡಿ ಒಂದೇ ಸಮನೆ ಅರಚತೊಡಗಿತು.

“ಮೊಲದ ಹಿಂದೆ ಹೋಗಿರ್ಬೇಕು” ಎಂದಳು ಬಾಲ್ಬಿನಾ, ಮೆತ್ತಗೆ. ಆ ಮೆತ್ತಗಿನ ದನಿಯೇ ತೊರಿಬಿಯಾಳ ಎದೆಗೆ ಇಳಿಯಿತು. ನಿಕಾನೊರ್ ಹೇಸರಗತ್ತೆಗೆ ಜೀನು ಹಾಕತೊಡಗಿದ. ನಲ್ಲಿಯ ಆಸೆ ಇದ್ದವನಿಗೂ ಆ ಹೊತ್ತು ನಲ್ಲಿ ಬೇಡವಾಗಿತ್ತು.

ತೊರಿಬಿಯಾ ಕೋಲೂರಿಕೊಂಡು ಇನ್ನೂರು ಹೆಜ್ಜೆ ನಡೆದಳು. ಮರಳ ಮೇಲೆ ಗೊರಸಿನ ಗುರುತುಗಳಿದ್ದವು, ನಾಯಿಯ ಹೆಜ್ಜೆ ಒಂದೂ ಇಲ್ಲ. ಮಂದೆ ಒಂಟಿಯಾಗಿ ಬಂದಿದೆ. ಅವಳು ನಿಂತುಬಿಟ್ಟಳು. ಬಾಲ್ಬಿನಾಳ ಮನೆಗೆ ಯಾವ ಪಾತ್ರೆ ಒಯ್ಯುವುದು, ಯಾವುದನ್ನು ಬಿಡುವುದು ಎಂಬ ಯೋಚನೆ ತಾನಾಗಿಯೇ ಬಂತು.

ಆಗ ಎದುರಿನ ಚಿಕ್ಕ ದಿಬ್ಬದ ತಲೆಯ ಮೇಲೆ ಕರಿ ಮೇಕೆ ಕಾಣಿಸಿತು. ನಾಲ್ಕು ಹೆಜ್ಜೆ ಬಂದು ನಿಂತಿತು, ಹಿಂದಕ್ಕೆ ನೋಡಿತು. ಅದರ ಹಿಂದೆ ಒದ್ದೆ ಮೈಯ, ಆಗಷ್ಟೇ ಹುಟ್ಟಿದ ಮರಿ. ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ಬಿತ್ತು, ಎದ್ದಿತು, ಮತ್ತೆ ಬಿತ್ತು. ಅದರ ಹಿಂದೆ ಕಾನೆಲೊ. ಮರಿ ಬಿದ್ದರೆ ಅದೂ ಕೂರುತ್ತದೆ. ಮರಿ ಎದ್ದರೆ ಅದೂ ಏಳುತ್ತದೆ.

ರೊಪ್ಪದಿಂದ ಮಾರ್ಕೇಸಾ ಪ್ರಾಣ ಹೋಗುವಂತೆ ಕೂಗಿತು. ಕಾನೆಲೊ ತಲೆಯೆತ್ತಿತು. ಕಿವಿ ನಿಮಿರಿತು. ತಾಯಿಯ ದನಿಗೆ ಒಮ್ಮೆ ಬಾಲವೂ ಅಲುಗಿತು. ಓಡಿದರೆ ಅರೆಗಳಿಗೆಯ ದಾರಿ. ಮರಿ ಮತ್ತೆ ಮುಗ್ಗರಿಸಿ ಮೂಗು ಊರಿತು. ಕಾನೆಲೊ ಅದರ ಪಕ್ಕದಲ್ಲಿ ಕೂತುಕೊಂಡಿತು.

“ಎತ್ಕೊಂಡು ಬರ್ಲಾ?” ಎಂದು ನಿಕಾನೊರ್ ಹಿಂದಿನಿಂದ ಕೇಳಿದ.

“ಮುಟ್ಬೇಡ. ಅದರ ಕೆಲ್ಸ ಅದು ಮಾಡ್ಲಿ.”

ತೊರಿಬಿಯಾಗೆ ಎಷ್ಟು ಸಂತೋಷವಾಯಿತೆಂದರೆ ಕುಣಿಯಬೇಕೆನ್ನಿಸಿತು. ಮಂಡಿ ಒಪ್ಪಲಿಲ್ಲ. ಅವಳು ಮೆಲ್ಲಗೆ ಹಿಂತಿರುಗಿ ಹೋಗಿ ರೊಪ್ಪದ ಬಾಗಿಲನ್ನು ಪೂರಾ ತೆರೆದು, ಚಳಿಯಲ್ಲಿ ಅದಕ್ಕೆ ಒರಗಿ ನಿಂತಳು. ದಿಬ್ಬದಿಂದ ರೊಪ್ಪದವರೆಗೆ ಬರಲು ಆ ಮರಿ ತೆಗೆದುಕೊಂಡ ಹೊತ್ತಿನಲ್ಲಿ ಒಂದು ಮದುವೆ ಮುಗಿಸಬಹುದಿತ್ತು. ಬಾಲ್ಬಿನಾ ಎರಡು ಸಲ ಮಾಟೆ ಕಾಯಿಸಿಕೊಂಡು ಬಂದಳು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಕರಿ ಮೇಕೆ ಒಳಗೆ ಹೋಯಿತು, ಮರಿ ಹೊಸಿಲಲ್ಲಿ ಕೊನೆಯ ಸಲ ಬಿದ್ದು ಒಳಗೆ ಹೋಯಿತು, ಕಾನೆಲೊ ಒಳಗೆ ಹೋಯಿತು. ಮಾರ್ಕೇಸಾ ಓಡಿಬಂದು ತಡವಾಗಿ ಬಂದ ಮಗನನ್ನು ಪಕ್ಕೆಗೆ ಸರಿಯಾಗಿ ಗುದ್ದಿತು. ಕಾನೆಲೊ ಗುದ್ದಿಸಿಕೊಂಡು, ತಾಯಿಯನ್ನು ದಾಟಿ ಹೋಗಿ, ಮರಿಯ ಬೆನ್ನಿಗೆ ಬೆನ್ನು ಹಚ್ಚಿ ಮಲಗಿತು.